ವಸಂತದ ಉಡುಪು: ಬಣ್ಣಕ್ಕೆ ಮುನ್ನ ಬಟ್ಟೆ

ಬೇಸಿಗೆಯಲ್ಲಿ, ಮಳೆಯಲ್ಲಿ, ಚಳಿಯಲ್ಲಿ ಏನು ತೊಡಬೇಕೆಂಬುದನ್ನು ಹವೆಯೇ ಬಹುಮಟ್ಟಿಗೆ ತೀರ್ಮಾನಿಸಿಬಿಡುತ್ತದೆ. ವಸಂತದಲ್ಲಿ ಹಾಗಾಗುವುದಿಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಚಳಿಗೆ ತೋಳು ಮುದುಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಬೆನ್ನು ಬೆವರುತ್ತದೆ, ಸಂಜೆ ಗಾಳಿ ಎದ್ದಾಗ ಬೆಳಗಿನ ಕೋಟು ಮತ್ತೆ ಬೇಕೆನಿಸುತ್ತದೆ. ಒಂದೇ ದಿನದಲ್ಲಿ ಮೂರು ಬಗೆಯ ಹವೆಗೆ ಒಗ್ಗಬೇಕಾದ ಉಡುಪನ್ನು ಆರಿಸುವಾಗ, ಪ್ರತಿ ವರ್ಷ ಪ್ರಕಟವಾಗುವ ಟ್ರೆಂಡ್ ಪಟ್ಟಿಗಳು ಬಣ್ಣ ಮತ್ತು ಪ್ರಿಂಟ್‌ಗಳ ಬಗ್ಗೆ ಧಾರಾಳವಾಗಿ ಮಾತನಾಡಿ ಬಟ್ಟೆಯ ಬಗ್ಗೆ ಮೌನವಾಗಿರುವುದು ನನ್ನ ಮಟ್ಟಿಗೆ ದೊಡ್ಡ ಕೊರತೆ. ಉಡುಪು ಮೈಮೇಲೆ ಹೇಗೆ ಇಳಿಯುತ್ತದೆ, ಎಷ್ಟು ಹೊತ್ತು ಹಿತವಾಗಿರುತ್ತದೆ, ಸಂಜೆಯ ವೇಳೆಗೆ ಹೇಗೆ ಕಾಣುತ್ತದೆ ಎಂಬುದನ್ನೆಲ್ಲ ಮೊದಲು ನಿರ್ಧರಿಸುವುದು ಅದರ ನೂಲು, ನೇಯ್ಗೆ ಮತ್ತು ತೂಕ. ಆದ್ದರಿಂದ ಈ ಬರಹದಲ್ಲಿ ಪ್ರತಿಯೊಂದು ಟ್ರೆಂಡನ್ನೂ ಬಟ್ಟೆಯ ಕಡೆಯಿಂದಲೇ ನೋಡಿದ್ದೇನೆ.

ಟ್ರೆಂಡ್‌ಗಳು ನಮ್ಮ ತನಕ ಬರುವ ದಾರಿಯನ್ನು ತಿಳಿದಿರುವುದು ಉಪಯುಕ್ತ. ವಸಂತ ಮತ್ತು ಬೇಸಿಗೆಯ ಸಂಗ್ರಹಗಳನ್ನು ಹಿಂದಿನ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಆರಂಭದಲ್ಲಿಯೇ ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಎಂಬ ಕ್ರಮದಲ್ಲಿ ನಡೆಯುವ ಫ್ಯಾಷನ್ ವೀಕ್‌ಗಳಲ್ಲಿ ತೋರಿಸಲಾಗುತ್ತದೆ. ರ‍್ಯಾಂಪ್ ಮೇಲಿನ ಉಡುಪನ್ನು ದೀಪಗಳ ಬೆಳಕಿನಲ್ಲಿ ಒಂದೆರಡು ನಿಮಿಷ ನೋಡಲೆಂದು ಸಜ್ಜುಗೊಳಿಸಿರುತ್ತಾರೆ. ಅದರಲ್ಲಿ ಯಾರೂ ಬಸ್ಸು ಹತ್ತುವುದಿಲ್ಲ, ಎಂಟು ಗಂಟೆ ಕುರ್ಚಿಯಲ್ಲಿ ಕೂರುವುದಿಲ್ಲ. ಪ್ರದರ್ಶನಕ್ಕೂ ವಸಂತಕ್ಕೂ ನಡುವೆ ಸುಮಾರು ಆರು ತಿಂಗಳ ಅಂತರವಿರುವುದರಿಂದ ಅವಸರಪಡಬೇಕಾದ ಕಾರಣವಿಲ್ಲ. ಆ ಅವಧಿಯ ಕೊನೆಗೂ ನಿಮ್ಮ ಮನಸ್ಸಿನಲ್ಲಿ ಉಳಿದಿರುವ ಒಂದೋ ಎರಡೋ ಸಂಗತಿಗಳನ್ನು ಆರಿಸಿಕೊಂಡು, ಉಳಿದವನ್ನು ಕಣ್ಣಿಗೆ ಹಬ್ಬವೆಂದು ನೋಡಿ ಬಿಟ್ಟುಬಿಡುವುದು ಒಳ್ಳೆಯದು.

ಬಟ್ಟೆಯನ್ನು ಪರೀಕ್ಷಿಸುವ ಬಗೆ

ನೂಲುಗಳು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಪ್ರಮಾಣ ಒಂದರಿಂದ ಇನ್ನೊಂದಕ್ಕೆ ಬಹಳ ಬೇರೆ. ಜವಳಿ ಉದ್ಯಮ ಬಳಸುವ ಪ್ರಮಾಣಿತ ಲೆಕ್ಕದ ಪ್ರಕಾರ ಒಣ ತೂಕಕ್ಕೆ ಹೋಲಿಸಿದರೆ ಹತ್ತಿ ಶೇ. 8.5ರಷ್ಟು, ರೇಷ್ಮೆ ಶೇ. 11ರಷ್ಟು, ಲಿನನ್ ಶೇ. 12ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಪಾಲಿಯೆಸ್ಟರ್ ಹಿಡಿದಿಡುವುದು ಶೇ. 0.4 ಮಾತ್ರ. ಬೆಳಿಗ್ಗೆ ತೊಟ್ಟಾಗ ಹಿತವೆನಿಸಿದ ತೆಳು ಪಾಲಿಯೆಸ್ಟರ್ ಬ್ಲೌಸ್ ಮಧ್ಯಾಹ್ನ ಬೆನ್ನಿಗೆ ಅಂಟಿಕೊಳ್ಳುವುದೂ, ಅಷ್ಟೇ ದಪ್ಪದ ಲಿನನ್ ಶರ್ಟ್ ಮೈಯಿಂದ ಒಂದಿಷ್ಟು ದೂರವೇ ನಿಲ್ಲುವುದೂ ಬಹುಮಟ್ಟಿಗೆ ಈ ವ್ಯತ್ಯಾಸದಿಂದಲೇ. ಲಿನನ್‌ಗೆ ಇನ್ನೊಂದು ಗುಣವೂ ಇದೆ. ಅದನ್ನು ನೇಯಲು ಬಳಸುವ ಅಗಸೆ ನಾರು ಬಿರುಸಾಗಿರುವುದರಿಂದ ಬಟ್ಟೆ ತನ್ನ ಆಕಾರವನ್ನು ತಾನೇ ಹಿಡಿದುಕೊಳ್ಳುತ್ತದೆ, ಗಾಳಿ ಒಳಗೆ ಓಡಾಡಲು ಜಾಗ ಉಳಿಯುತ್ತದೆ. ಅದೇ ಬಿರುಸಿನಿಂದಾಗಿ ಅದು ಬೇಗ ಸುಕ್ಕಾಗುತ್ತದೆ. ಸುಕ್ಕನ್ನು ಸಹಿಸಲಾಗದವರು ಲಿನನ್ ಮತ್ತು ಹತ್ತಿ ಅಥವಾ ಲಿನನ್ ಮತ್ತು ವಿಸ್ಕೋಸ್ (ಮರದ ತಿರುಳಿನಿಂದ ತಯಾರಿಸುವ ನೂಲು) ಬೆರೆತ ಬಟ್ಟೆಯನ್ನು ಆರಿಸಬಹುದು. ವಿಸ್ಕೋಸ್ ಬೆರೆತಷ್ಟೂ ಬಟ್ಟೆ ಮೃದುವಾಗಿ ಇಳಿಬೀಳುತ್ತದೆ.

ತೂಕವನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ವ್ಯಾಪಾರದಲ್ಲಿ ಇದಕ್ಕೆ ಜಿಎಸ್‌ಎಂ ಎನ್ನುತ್ತಾರೆ. ಲಿನನ್ ಶರ್ಟಿಗೆ ಸುಮಾರು 120ರಿಂದ 150 ಜಿಎಸ್‌ಎಂ ಸಾಕು. ಪ್ಯಾಂಟ್ ಅಥವಾ ಜಾಕೆಟ್ ಹೊಲಿಸುವುದಾದರೆ 180ಕ್ಕಿಂತ ಹೆಚ್ಚಿನದು ಬೇಕು, ಇಲ್ಲವಾದರೆ ಮೊಣಕಾಲಿನ ಬಳಿ ಜೋಲು ಬೀಳುತ್ತದೆ, ಜೇಬಿನ ಒಳಬಟ್ಟೆ ಹೊರಗೆ ಮೂಡಿ ಕಾಣುತ್ತದೆ. ಲೇಬಲ್‌ನಲ್ಲಿ ಈ ಅಂಕಿ ಇಲ್ಲದಿದ್ದರೂ ಚಿಂತೆಯಿಲ್ಲ. ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಸೆಕೆಂಡ್ ಬಿಗಿಯಾಗಿ ಹಿಡಿದು ಬಿಡಿ. ಎಷ್ಟು ಸುಕ್ಕು ಉಳಿಯಿತೆಂಬುದು ಸಂಜೆಯ ಹೊತ್ತಿಗೆ ಉಡುಪು ಹೇಗಿರುತ್ತದೆಂಬುದರ ಮುನ್ಸೂಚನೆ. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಅಂಗೈ ಇಡಿ. ಬೆರಳುಗಳನ್ನು ಎಣಿಸಲು ಸಾಧ್ಯವಾದರೆ ಆ ಉಡುಪಿಗೆ ಲೈನಿಂಗ್ ಅಥವಾ ಒಳಗೆ ಸ್ಲಿಪ್ ಬೇಕೇ ಬೇಕು. ಅಂಗಡಿಯ ದೀಪದ ಬೆಳಕನ್ನು ಮಾತ್ರ ನಂಬಿ ತಿಳಿ ಬಣ್ಣದ ಬಟ್ಟೆಯನ್ನು ಕೊಳ್ಳುವುದು ವಸಂತದ ಖರೀದಿಯಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಹೊರಗಿನ ಬಿಸಿಲಿನಲ್ಲಿ ಅದು ತೀರಾ ಬೇರೆ ಬಟ್ಟೆಯಾಗಿ ಕಾಣುತ್ತದೆ.

ಪದರಗಳ ವಿಷಯದಲ್ಲಿ ಒಂದು ನಿಯಮವನ್ನು ಬಿಡದೆ ಪಾಲಿಸಿದರೆ ಈ ಋತುವಿನ ಅರ್ಧ ಸಮಸ್ಯೆ ಬಗೆಹರಿಯುತ್ತದೆ: ಯಾವ ಪದರವನ್ನು ಕಳಚಿದರೂ ಒಳಗಿನದು ತಾನೇ ಪೂರ್ಣ ಉಡುಪಾಗಿ ಕಾಣುವಂತಿರಬೇಕು. ಕೋಟಿನ ಒಳಗೆ ಹೇಗೂ ಕಾಣುವುದಿಲ್ಲವೆಂದು ಹಳೆಯ ಟೀ ಶರ್ಟ್ ತೊಟ್ಟರೆ ಮಧ್ಯಾಹ್ನದ ಬಿಸಿಲಿನಲ್ಲೂ ಕೋಟು ಬಿಚ್ಚಲಾಗದ ಪರಿಸ್ಥಿತಿ ಬರುತ್ತದೆ. ಮೈಗೆ ತಾಗುವ ಪದರ ತೆಳ್ಳಗೆ, ನಡುವಿನದು ಮೃದುವಾದ ಹೆಣಿಗೆ, ಹೊರಗಿನದು ಗಾಳಿಯನ್ನು ತಡೆಯುವ ದಟ್ಟ ನೇಯ್ಗೆ ಎಂಬ ಕ್ರಮವಿದ್ದರೆ ಸಾಕು. ನಡುವಿನ ಪದರಕ್ಕೆ ಕಾರ್ಡಿಗನ್‌ನಷ್ಟು ಅನುಕೂಲವಾದದ್ದು ಬೇರೆಯಿಲ್ಲ. ಗುಂಡಿ ಹಾಕಿ ಬ್ಲೌಸಿನಂತೆ ತೊಡಬಹುದು, ಬಿಚ್ಚಿಟ್ಟು ಜಾಕೆಟ್‌ನಂತೆ ಬಳಸಬಹುದು, ಬೇಡವಾದಾಗ ಹೆಗಲ ಮೇಲೆ ಹೊದೆಯಬಹುದು.

ತಿಳಿ ಬಣ್ಣಗಳು

ವಸಂತವೆಂದರೆ ತಿಳಿ ಬಣ್ಣಗಳೆಂಬುದು ಹಳೆಯ ಮಾತಾದರೂ ಯಾವ ತಿಳಿ ಬಣ್ಣ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2025ರ ವಸಂತದಲ್ಲಿ ಎಲ್ಲೆಡೆ ಕಂಡದ್ದು ಬೆಣ್ಣೆಯಂಥ ತೆಳು ಹಳದಿ. ಅದೇ ವರ್ಷಕ್ಕೆ ಬಣ್ಣಗಳ ಮಾನದಂಡ ರೂಪಿಸುವ ಪ್ಯಾಂಟೋನ್ ಸಂಸ್ಥೆ ಆರಿಸಿದ್ದ ವರ್ಷದ ಬಣ್ಣ ಮೋಕಾ ಮೂಸ್ ಎಂಬ ಮೃದು ಕಂದು. ಅದರ ಹಿಂದಿನ ವರ್ಷ, ಅಂದರೆ 2024ಕ್ಕೆ, ಪೀಚ್ ಫಝ್ ಎಂಬ ನಸು ಕೇಸರಿ ಬೆರೆತ ಗುಲಾಬಿಯನ್ನು ಆರಿಸಲಾಗಿತ್ತು. ಬೆಣ್ಣೆ ಹಳದಿ ಮತ್ತು ಕಂದು ಒಟ್ಟಿಗೆ ಬಂದದ್ದು ಉಡುವವರಿಗೆ ಅನುಕೂಲವೇ ಆಯಿತು, ಏಕೆಂದರೆ ತಿಳಿ ಬಣ್ಣಗಳಿಗೆ ಕಂದು ಬಹಳ ಒಳ್ಳೆಯ ಜೊತೆಗಾರ. ತಿಳಿ ಗುಲಾಬಿ, ತಿಳಿ ನೀಲಿ, ತಿಳಿ ಹಸಿರುಗಳ ಪಕ್ಕದಲ್ಲಿ ಅಚ್ಚ ಕಪ್ಪನ್ನು ಇಟ್ಟರೆ ಕಣ್ಣು ಕಪ್ಪಿನ ಮೇಲೆಯೇ ನಿಂತುಬಿಡುತ್ತದೆ, ತಿಳಿ ಬಣ್ಣ ಮಾಸಿದಂತೆ ಕಾಣುತ್ತದೆ. ಕಂದು, ಗಾಢ ನೀಲಿ, ಬೂದು, ಕೆನೆ ಬಿಳುಪುಗಳು ಹಾಗೆ ಮಾಡುವುದಿಲ್ಲ.

ಹಳದಿಯ ಬಗ್ಗೆ ಮಾತ್ರ ಒಂದಿಷ್ಟು ಎಚ್ಚರ ಬೇಕು. ಮುಖದ ಸಮೀಪವಿರುವ ಬಟ್ಟೆಯ ಬಣ್ಣ ಬೆಳಕಿನೊಂದಿಗೆ ಗಲ್ಲ ಮತ್ತು ಕತ್ತಿನ ಮೇಲೆ ಪ್ರತಿಫಲಿಸುತ್ತದೆ. ತೆಳು ಹಳದಿ ಕೆಲವರ ಮುಖಕ್ಕೆ ಹೊಳಪು ಕೊಟ್ಟರೆ ಕೆಲವರನ್ನು ದಣಿದವರಂತೆ ತೋರಿಸುತ್ತದೆ. ಇದು ಚರ್ಮ ಬಿಳಿಯೋ ಕಪ್ಪೋ ಎಂಬುದಕ್ಕಿಂತ ಚರ್ಮದ ಒಳಛಾಯೆಯನ್ನು ಅವಲಂಬಿಸಿರುವುದರಿಂದ ಯಾರ ಪಟ್ಟಿಯನ್ನೂ ನಂಬದೆ, ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ಬಟ್ಟೆಯನ್ನು ಗದ್ದದ ಕೆಳಗೆ ಹಿಡಿದು ನೋಡುವುದೇ ಸರಿಯಾದ ದಾರಿ. ಒಪ್ಪದಿದ್ದರೆ ಆ ಬಣ್ಣವನ್ನು ಬಿಡಬೇಕಾಗಿಲ್ಲ. ಅದನ್ನು ಸ್ಕರ್ಟ್ ಅಥವಾ ಪ್ಯಾಂಟ್ ರೂಪದಲ್ಲಿ ಸೊಂಟದ ಕೆಳಗೆ ತನ್ನಿ, ಇಲ್ಲವೇ ಹಳದಿ ಸ್ವೆಟರಿನ ಒಳಗಿನಿಂದ ಬಿಳಿ ಶರ್ಟಿನ ಕಾಲರ್ ಹೊರಬರುವಂತೆ ಮಾಡಿ. ಕಾಲರ್‌ನ ಆ ಎರಡು ಅಂಗುಲ ಬಿಳುಪು ಮುಖಕ್ಕೂ ಹಳದಿಗೂ ನಡುವೆ ತೆರೆಯಂತೆ ನಿಲ್ಲುತ್ತದೆ.

ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣ ತೊಡುವ ರೂಢಿಯೂ ಈಚೆಗೆ ಬಲವಾಗಿದೆ. ಅದು ಸೊಗಸಾಗಿ ಕಾಣಬೇಕಾದರೆ ಬಣ್ಣ ಒಂದೇ ಆದರೂ ಮೇಲ್ಮೈಗಳು ಬೇರೆಯಾಗಿರಬೇಕು. ಹೊಳಪಿನ ಸ್ಯಾಟಿನ್ ಸ್ಕರ್ಟಿಗೆ ಒರಟು ಹೆಣಿಗೆಯ ಸ್ವೆಟರ್, ಮಂದ ಹತ್ತಿ ಪ್ಯಾಂಟಿಗೆ ರೇಷ್ಮೆ ಶರ್ಟ್ ಹೀಗೆ. ಎರಡೂ ಒಂದೇ ಬಗೆಯ ಬಟ್ಟೆಯಾಗಿದ್ದು ಛಾಯೆ ಮಾತ್ರ ಕೂದಲೆಳೆಯಷ್ಟು ಬೇರೆಯಾದರೆ, ಹೊಂದಿಸಲು ಹೋಗಿ ತಪ್ಪಿದಂತೆ ಕಾಣುತ್ತದೆ.

ಪಾರದರ್ಶಕ ಬಟ್ಟೆ ಮತ್ತು ಸ್ಲಿಪ್ ಡ್ರೆಸ್

ಆರ್ಗಾಂಜಾ, ಶಿಫಾನ್, ಜಾರ್ಜೆಟ್, ಬಲೆಯಂಥ ಹೆಣಿಗೆಗಳು ಹಲವು ವಸಂತಗಳಿಂದ ಮರಳಿ ಮರಳಿ ಬರುತ್ತಿವೆ. ಬಹಳ ಮಂದಿ ಇವನ್ನು ತಮ್ಮದಲ್ಲವೆಂದು ದೂರವಿಡುತ್ತಾರೆ, ಆದರೆ ಪದರದ ಲೆಕ್ಕದಲ್ಲಿ ನೋಡಿದರೆ ಇವುಗಳಷ್ಟು ಉಪಯುಕ್ತವಾದವು ಕಡಿಮೆ. ತೆಳು ಆರ್ಗಾಂಜಾ ಶರ್ಟನ್ನು ಒಳ್ಳೆಯ ಹೊಲಿಗೆಯ ತೋಳಿಲ್ಲದ ಟಾಪ್‌ನ ಮೇಲೆ ಗುಂಡಿ ಬಿಚ್ಚಿ ತೊಟ್ಟರೆ ಅದು ತೂಕವೇ ಇಲ್ಲದ ಜಾಕೆಟ್ ಆಗುತ್ತದೆ. ಶಿಫಾನ್ ಮೈಮೇಲೆ ಹರಿಯುತ್ತದೆ, ಆರ್ಗಾಂಜಾ ಮೈಯಿಂದ ದೂರ ನಿಂತು ಆಕಾರ ಕಟ್ಟುತ್ತದೆ; ಆದ್ದರಿಂದ ಉಬ್ಬಿದ ತೋಳು ಬೇಕಾದವರು ಎರಡನೆಯದನ್ನೂ, ಸರಳ ರೇಖೆ ಬೇಕಾದವರು ಮೊದಲನೆಯದನ್ನೂ ಆರಿಸಬೇಕು. ಒಳಗಿನ ಉಡುಪಿನ ಬಣ್ಣ ಬಿಳಿಯಿರಬೇಕೆಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಬಿಳಿಯ ಅಡಿಯಲ್ಲಿ ಬಿಳಿ ಎದ್ದು ಕಾಣುತ್ತದೆ. ನಿಮ್ಮ ಚರ್ಮದ ಬಣ್ಣಕ್ಕೆ ಸಮೀಪವಾದ ಒಳಉಡುಪು ಮಾತ್ರ ಕಣ್ಣಿಗೆ ಬೀಳದೆ ಉಳಿಯುತ್ತದೆ.

ತೆಳು ಹೆಗಲಪಟ್ಟಿಯ, ರಾತ್ರಿ ಉಡುಪನ್ನು ಹೋಲುವ ಸ್ಲಿಪ್ ಡ್ರೆಸ್ಸಿನ ಅಂದವಿರುವುದು ಅದರ ಕತ್ತರಿಸುವಿಕೆಯಲ್ಲಿ. ಬಟ್ಟೆಯನ್ನು ಉದ್ದ ನೂಲಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದಾಗ, ಎಲಾಸ್ಟಿಕ್ ಇಲ್ಲದಿದ್ದರೂ ಅದು ಹಿಗ್ಗಿ ಮೈಯ ತಿರುವುಗಳನ್ನು ಅನುಸರಿಸುತ್ತದೆ. ಈ ಬಯಾಸ್ ಕಟ್ ಅನ್ನು 1920 ಮತ್ತು 30ರ ದಶಕಗಳಲ್ಲಿ ಒಂದು ಕಲೆಯ ಮಟ್ಟಕ್ಕೆ ಏರಿಸಿದವರು ಪ್ಯಾರಿಸ್ಸಿನ ವಿನ್ಯಾಸಕಿ ಮ್ಯಾಡಲಿನ್ ವಿಯೊನೆ. ಹೀಗೆ ಕತ್ತರಿಸಿದ ಉಡುಪು ತನ್ನ ತೂಕಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ. ಹೊಲಿಸುವವರು ಅಂಚು ಮಡಿಸುವ ಮುನ್ನ ಕನಿಷ್ಠ ಒಂದು ದಿನ ಅದನ್ನು ತೂಗುಹಾಕಿಡುವಂತೆ ಟೈಲರಿಗೆ ಹೇಳಬೇಕು, ಇಲ್ಲವಾದರೆ ಅಂಚು ಒಂದು ಕಡೆ ಇಳಿದು ಅಲೆಯಂತಾಗುತ್ತದೆ. ಕೊಂಡು ತಂದ ಮೇಲೆ ಕಪಾಟಿನಲ್ಲಿ ಮಡಚಿ ಇಡುವುದೇ ಉತ್ತಮ. ಸೊಂಟದ ಬಳಿ ಬಿಗಿಯೆನಿಸಿದರೆ ಒಂದು ಅಳತೆ ದೊಡ್ಡದನ್ನು ತೆಗೆದುಕೊಳ್ಳಿ. ಬಯಾಸ್ ಕಟ್ ಉಡುಪು ಹರಿಯಬೇಕು, ಎಳೆದು ನಿಲ್ಲಬಾರದು. ತಂಪಾದ ದಿನಗಳಲ್ಲಿ ಇದರ ಒಳಗೆ ತೆಳು ಹತ್ತಿಯ ಟಾಪ್, ಮೇಲೆ ಸೊಂಟದವರೆಗಿನ ಕಾರ್ಡಿಗನ್ ತೊಟ್ಟರೆ ರಾತ್ರಿ ಉಡುಪಿನ ಛಾಯೆ ಪೂರ್ತಿ ಮರೆಯಾಗುತ್ತದೆ.

ಹೂ, ಚುಕ್ಕಿ, ಪಟ್ಟೆ

ಹೂವಿನ ಪ್ರಿಂಟ್ ಇಲ್ಲದ ವಸಂತವಿಲ್ಲ. ಭಾರತದಿಂದ ಹೋದ ಹೂವಿನ ಚಿತ್ತಾರದ ಹತ್ತಿ ಬಟ್ಟೆಗೆ ಯೂರೋಪು ಎಷ್ಟು ಮರುಳಾಗಿತ್ತೆಂದರೆ, ತನ್ನ ನೇಕಾರರನ್ನು ಉಳಿಸಿಕೊಳ್ಳಲು ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿ 1759ರವರೆಗೆ ಆ ನಿಷೇಧವನ್ನು ಮುಂದುವರಿಸಿತು. ಇಷ್ಟು ಹಳೆಯ ಮೋಹ ಇಂದಿಗೂ ಬಳಕೆಯಲ್ಲಿರುವುದಕ್ಕೆ ಕಾರಣವಿದೆ: ಹೂವಿನ ಪ್ರಿಂಟ್‌ನಲ್ಲಿ ಹಲವು ಬಣ್ಣಗಳು ಇರುವುದರಿಂದ ಉಳಿದ ಉಡುಪನ್ನು ಹೊಂದಿಸುವುದು ಸುಲಭ. ಪ್ರಿಂಟ್‌ನಲ್ಲಿ ಅತಿ ಕಡಿಮೆ ಇರುವ ಬಣ್ಣವೊಂದನ್ನು ಗುರುತಿಸಿ, ಅದೇ ಬಣ್ಣದ ಚೀಲ ಅಥವಾ ಚಪ್ಪಲಿಯನ್ನು ಆರಿಸಿ ನೋಡಿ. ಎದ್ದು ಕಾಣುವ ಬಣ್ಣವನ್ನೇ ಮತ್ತೆ ತಂದಾಗ ಆಗುವ ಭಾರ ಇದರಲ್ಲಿ ಆಗುವುದಿಲ್ಲ.

ಹೂವಿನ ಗಾತ್ರಕ್ಕಿಂತ ಹಿನ್ನೆಲೆಯ ಬಣ್ಣವೇ ಮುಖ್ಯವೆಂದು ನನಗನಿಸುತ್ತದೆ. ಬಿಳಿ ಹಿನ್ನೆಲೆಯ ಹೂಗಳು ಬಿಸಿಲಿಗೂ ರಜೆಗೂ ಒಪ್ಪುತ್ತವೆ. ಗಾಢ ನೀಲಿ ಅಥವಾ ಕಂದು ಹಿನ್ನೆಲೆಯ ಹೂಗಳು ಕಚೇರಿಗೂ ಚಳಿಯ ಬೆಳಗಿಗೂ ಸಲ್ಲುತ್ತವೆ. ದೊಡ್ಡ ಹೂಗಳಿರುವ ಬಟ್ಟೆಯಲ್ಲಿ ಹೊಲಿಗೆಯ ಜೋಡಣೆಯನ್ನು ಗಮನಿಸಿ. ಎದೆಯ ಮೇಲೆ ಹೂವೊಂದು ಅರ್ಧಕ್ಕೆ ಕತ್ತರಿಸಿಹೋಗಿದ್ದರೆ ಎಷ್ಟು ಒಳ್ಳೆಯ ಪ್ರಿಂಟಾದರೂ ಅಗ್ಗದಂತೆ ಕಾಣುತ್ತದೆ. ಚುಕ್ಕಿಗಳ ಬಗ್ಗೆ ಹೇಳಬೇಕಾದದ್ದು ಕಡಿಮೆ: ದೂರದಿಂದ ನೋಡಿದಾಗ ಸಣ್ಣ ಚುಕ್ಕಿಗಳು ಬೆರೆತು ಒಂದೇ ಬಣ್ಣವಾಗುತ್ತವೆ, ದೊಡ್ಡವು ತಮ್ಮ ಜಾಗವನ್ನು ತೋರಿಸುತ್ತವೆ, ಎಲ್ಲಿ ಗಮನ ಬೇಕೋ ಅಲ್ಲಿ ದೊಡ್ಡದನ್ನು ಇಡಿ.

ಪಟ್ಟೆಗಳ ವಿಷಯದಲ್ಲಿ ಒಂದು ತಪ್ಪು ನಂಬಿಕೆಯನ್ನು ತಿದ್ದಲೇಬೇಕು. ಅಡ್ಡ ಪಟ್ಟೆ ದಪ್ಪಗೆ ತೋರಿಸುತ್ತದೆ ಎಂದು ತಲೆಮಾರುಗಳಿಂದ ಹೆಣ್ಣುಮಕ್ಕಳಿಗೆ ಹೇಳುತ್ತ ಬಂದಿದ್ದಾರೆ, ಅದನ್ನು ನಂಬಿ ಎಷ್ಟೋ ಮಂದಿ ತಮಗೆ ಇಷ್ಟವಾದ ಉಡುಪನ್ನು ತೊಡದೆ ಬಿಟ್ಟಿದ್ದಾರೆ. ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1867ರಲ್ಲಿಯೇ, ಅಡ್ಡ ಗೆರೆಗಳಿಂದ ತುಂಬಿದ ಚೌಕ ಕಣ್ಣಿಗೆ ಎತ್ತರವಾಗಿಯೂ ಕಿರಿದಾಗಿಯೂ ಕಾಣುತ್ತದೆಂದು ತೋರಿಸಿ, ಹೆಂಗಸರ ಉಡುಪುಗಳನ್ನೇ ಅದಕ್ಕೆ ಉದಾಹರಣೆಯಾಗಿ ಕೊಟ್ಟಿದ್ದ. ಹೀಗಾಗಿ ಅಡ್ಡ ಪಟ್ಟೆಯ ಟಾಪ್ ಅನ್ನು ನಿಶ್ಚಿಂತೆಯಿಂದ ತೊಡಬಹುದು. ಫ್ರೆಂಚ್ ನೌಕಾಪಡೆ 1858ರಲ್ಲಿ ತನ್ನ ನಾವಿಕರಿಗೆ ಗೊತ್ತುಪಡಿಸಿದ ಅಂಗಿಯಲ್ಲಿ ಬಿಳಿ ಪಟ್ಟೆಗಳು ನೀಲಿ ಪಟ್ಟೆಗಳ ಎರಡರಷ್ಟು ಅಗಲವಿದ್ದವು. ಇಂದಿಗೂ ಆ ಅನುಪಾತದ ಅಂಗಿಯೇ ಹೆಚ್ಚು ಹಗುರವಾಗಿ ಕಾಣುತ್ತದೆ. ಕೊಳ್ಳುವಾಗ ಕಂಕುಳಿನ ಕೆಳಗಿನ ಹೊಲಿಗೆಯಲ್ಲಿ ಎರಡೂ ಕಡೆಯ ಪಟ್ಟೆಗಳು ಕೂಡಿವೆಯೇ ಎಂದು ನೋಡಿ. ಅಲ್ಲಿ ಕೂಡಿದ್ದರೆ ಉಳಿದ ಹೊಲಿಗೆಯನ್ನೂ ಜತನದಿಂದ ಮಾಡಿದ್ದಾರೆಂದು ಬಹುಮಟ್ಟಿಗೆ ನಂಬಬಹುದು. ಪಟ್ಟೆಯ ಟಾಪ್ ಜೊತೆ ಹೂವಿನ ಸ್ಕರ್ಟ್ ತೊಡುವ ಆಸೆಯಿದ್ದರೆ ಎರಡರಲ್ಲೂ ಒಂದು ಬಣ್ಣ ಸಮಾನವಾಗಿರಲಿ, ಒಂದರ ಚಿತ್ತಾರ ಸಣ್ಣದಾಗಿ ಇನ್ನೊಂದರದು ದೊಡ್ಡದಾಗಿರಲಿ.

ಹೊರಗಿನ ಪದರ

ವಸಂತದ ಕೋಟುಗಳಲ್ಲಿ ಟ್ರೆಂಚ್ ಕೋಟಿಗೆ ಸಾಟಿಯಿಲ್ಲ. ಅದರ ಬಟ್ಟೆಯಾದ ಗ್ಯಾಬರ್ಡಿನ್ ಅನ್ನು ಥಾಮಸ್ ಬರ್ಬೆರಿ 1879ರಲ್ಲಿ ರೂಪಿಸಿ 1888ರಲ್ಲಿ ಪೇಟೆಂಟ್ ಪಡೆದ. ನೇಯುವುದಕ್ಕೆ ಮೊದಲೇ ನೂಲನ್ನು ನೀರು ಹೀರದಂತೆ ಮಾಡಿ ಅತಿ ದಟ್ಟವಾಗಿ ನೇಯುವುದರಿಂದ ಅದು ಗಾಳಿ ಮತ್ತು ತುಂತುರನ್ನು ತಡೆಯುತ್ತದೆ, ಆದರೂ ರಬ್ಬರ್ ಬಟ್ಟೆಯಂತೆ ಉಸಿರು ಕಟ್ಟಿಸುವುದಿಲ್ಲ. ಹೆಗಲ ಪಟ್ಟಿ, ಸೊಂಟದ ಬೆಲ್ಟಿನ ಲೋಹದ ಉಂಗುರಗಳೆಲ್ಲ 1914ರಿಂದ 1918ರವರೆಗಿನ ಮಹಾಯುದ್ಧದ ಕಂದಕಗಳಲ್ಲಿ ಇದ್ದ ಸೈನ್ಯಾಧಿಕಾರಿಗಳ ಕೋಟಿನಿಂದ ಉಳಿದುಬಂದವು. ತೊಟ್ಟು ನೋಡುವಾಗ ಒಳಗೆ ತೆಳು ಸ್ವೆಟರ್ ಹಾಕಿಕೊಂಡಿರಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿ; ಬೆನ್ನು ಬಿಗಿದರೆ ಅದು ನಿಮ್ಮ ಅಳತೆಯಲ್ಲ. ಬೆಲ್ಟನ್ನು ಬಕಲ್‌ಗೆ ಸಿಕ್ಕಿಸುವ ಬದಲು ಸಡಿಲವಾಗಿ ಗಂಟು ಹಾಕಿದರೆ ಸೊಂಟದ ರೇಖೆ ಮೃದುವಾಗುತ್ತದೆ. ಕೋಟಿನ ಅಂಚು ಡ್ರೆಸ್ಸಿನ ಅಂಚಿಗಿಂತ ಒಂದೋ ಸ್ಪಷ್ಟವಾಗಿ ಮೇಲಿರಲಿ ಅಥವಾ ಪೂರ್ತಿ ಕೆಳಗಿರಲಿ. ಎರಡಂಗುಲ ಮಾತ್ರ ಹೊರಗಿಣುಕಿದರೆ ಅಂದಗೆಡುತ್ತದೆ.

ನವಿರು ರೋಮದ ಮೇಲ್ಮೈಯ ಚರ್ಮವಾದ ಸ್ವೇಡ್‌ನ ಕಂದು ಜಾಕೆಟ್ ಈಚಿನ ವಸಂತಗಳಲ್ಲಿ ಬಹಳ ಬೇಡಿಕೆ ಪಡೆದಿದೆ. ಅದು ಚೆಂದವೇ, ಆದರೆ ಮಳೆ ಬರುವ ಸೂಚನೆಯಿರುವ ದಿನ ಅದನ್ನು ತೊಡಬೇಡಿ. ನೆನೆದರೆ ಬೆಂಕಿ ಅಥವಾ ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ ಒಣಗಿಸಿ, ಆಮೇಲೆ ಮೃದು ಬ್ರಷ್‌ನಿಂದ ರೋಮ ಎಬ್ಬಿಸಿ. ಡೆನಿಮ್ ಜಾಕೆಟ್ ಕೊಳ್ಳುವುದಾದರೆ ಚದರ ಗಜಕ್ಕೆ 8ರಿಂದ 10 ಔನ್ಸ್ ತೂಗುವ ತೆಳು ಡೆನಿಮ್ ಸಾಕು. 12 ಔನ್ಸಿಗಿಂತ ದಪ್ಪನಾದದ್ದು ಮಧ್ಯಾಹ್ನಕ್ಕೆ ಹೊರೆಯಾಗುತ್ತದೆ.

ಅಗಲ ಪ್ಯಾಂಟ್ ಮತ್ತು ಪಾದರಕ್ಷೆ

ಅಗಲ ಕಾಲಿನ ಪ್ಯಾಂಟ್ ಈಗ ಟ್ರೆಂಡ್ ಎನ್ನುವುದಕ್ಕಿಂತ ನಿತ್ಯದ ಉಡುಪೇ ಆಗಿದೆ. ಅದರ ಯಶಸ್ಸು ನಿಂತಿರುವುದು ಉದ್ದದ ಮೇಲೆ. ಯಾವ ಪಾದರಕ್ಷೆಯ ಜೊತೆ ತೊಡುತ್ತೀರೋ ಅದನ್ನು ಹಾಕಿಕೊಂಡೇ ಅಳತೆ ಕೊಡಿ, ಅಂಚು ನೆಲದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ನಿಲ್ಲಲಿ. ಒಂದೇ ಪ್ಯಾಂಟನ್ನು ಹೀಲ್ಸಿಗೂ ಚಪ್ಪಟೆ ಚಪ್ಪಲಿಗೂ ಹೊಂದಿಸಲು ಹೋದರೆ ಎರಡಕ್ಕೂ ಸರಿಯಾಗುವುದಿಲ್ಲ. ಬಟ್ಟೆ ಕೆಳಗೆ ಇಷ್ಟು ಹರಡಿಕೊಂಡಿರುವಾಗ ಮೇಲಿನ ಭಾಗ ಅಡಕವಾಗಿರಬೇಕು, ಕನಿಷ್ಠ ಶರ್ಟಿನ ಮುಂಭಾಗವನ್ನಾದರೂ ಒಳಗೆ ಸಿಕ್ಕಿಸಿ ಸೊಂಟ ಎಲ್ಲಿದೆಯೆಂದು ತೋರಿಸಬೇಕು.

ಬ್ಯಾಲೆ ಫ್ಲಾಟ್ ಮತ್ತೆ ಬಂದಿರುವುದು ನನಗೆ ಸಂತೋಷ ಕೊಟ್ಟಿದೆ. ನರ್ತಕಿಯರ ಈ ಪಾದರಕ್ಷೆ ಬೀದಿಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಚರ್ಮದ ಶೂಗಳಿಗೆ ಪಡಿತರವಿದ್ದಾಗ, ಅಮೆರಿಕದ ವಿನ್ಯಾಸಕಿ ಕ್ಲೇರ್ ಮೆಕ್‌ಕಾರ್ಡೆಲ್ ಅವರ ಮೂಲಕ; 1956ರಲ್ಲಿ ನಟಿ ಬ್ರಿಜಿತ್ ಬಾರ್ಡೊಗಾಗಿ ಪ್ಯಾರಿಸ್ಸಿನ ನೃತ್ಯ ಪಾದರಕ್ಷೆ ತಯಾರಕ ಸಂಸ್ಥೆ ರೆಪೆಟ್ಟೊ ಮಾಡಿದ ಜೋಡಿ ಅದನ್ನು ಮನೆಮಾತಾಗಿಸಿತು. ಇದರ ಅಟ್ಟೆ ತೆಳುವಾಗಿರುವುದರಿಂದ ದಿನವಿಡೀ ನಡೆಯುವವರಿಗೆ ಹಿಮ್ಮಡಿ ನೋಯಬಹುದು. ಒಳಗೆ ಮೆತ್ತೆಯ ಇನ್‌ಸೋಲ್ ಹಾಕಲು ಜಾಗವಿರುವ ಜೋಡಿಯನ್ನು ಸಂಜೆಯ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ಹಾಕಿ ನೋಡಿ ಕೊಳ್ಳಿ. ಮೀನಖಂಡದ ನಡುವಿಗೆ ಬರುವ ಸ್ಕರ್ಟ್ ಜೊತೆ ಬೆರಳುಗಳ ಬುಡ ಸ್ವಲ್ಪ ಕಾಣುವಷ್ಟು ತೆರೆದ ಫ್ಲಾಟ್ ತೊಟ್ಟರೆ ಕಾಲು ಉದ್ದವಾಗಿ ಕಾಣುತ್ತದೆ.

ಚಳಿಯ ಉಡುಪುಗಳನ್ನು ಒಳಗಿಡುವಾಗ

ವಸಂತದ ಬಟ್ಟೆಗಳು ಹೊರಬರುವ ಹೊತ್ತಿಗೆ ಉಣ್ಣೆಯವು ಒಳಗೆ ಹೋಗಬೇಕು. ಅವನ್ನು ಒಗೆಯದೆ ಇಡುವುದು ಹುಳುಗಳಿಗೆ ಆಹ್ವಾನ ಕೊಟ್ಟಂತೆ, ಏಕೆಂದರೆ ಉಣ್ಣೆಯ ಕೆರಟಿನ್ ಅನ್ನು ತಿನ್ನುವ ನುಸಿಯ ಮರಿಗಳು ಬೆವರು ಮತ್ತು ಆಹಾರದ ಕಲೆಗಳಿರುವ ಜಾಗಗಳಲ್ಲೇ ಮೊದಲು ಕಚ್ಚುತ್ತವೆ. ಒಗೆದು, ಪೂರ್ತಿ ಒಣಗಿಸಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಮಡಚಿಡಿ. ಎರಡು ತೆಳು ಸ್ವೆಟರುಗಳನ್ನು ಮಾತ್ರ ಹೊರಗೆ ಉಳಿಸಿಕೊಳ್ಳಿ. ಹೊಸ ಲಿನನ್ ಬಟ್ಟೆಯನ್ನು ಹೊಲಿಸುವ ಮೊದಲು ಒಮ್ಮೆ ನೀರಿಗೆ ಹಾಕಿ ತೆಗೆಯಿರಿ, ಅದು ಕುಗ್ಗುವುದು ಹೊಲಿಗೆಗೆ ಮುಂಚೆಯೇ ಮುಗಿದುಹೋಗಲಿ. ತೊಟ್ಟು ಒಗೆದ ಮೇಲೆ ಪೂರ್ತಿ ಒಣಗಲು ಬಿಡದೆ, ಮುಟ್ಟಿದರೆ ತಂಪೆನಿಸುವಷ್ಟು ತೇವವಿರುವಾಗಲೇ ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ, ಅರ್ಧ ಗಂಟೆ ಹ್ಯಾಂಗರ್‌ನಲ್ಲಿ ಬಿಟ್ಟು ಆಮೇಲೆ ಕಪಾಟಿನಲ್ಲಿಡಿ.